ತವರಿನ ಕಾಲು

ಹೊಳೆ ಬಂದಾಗ ಊರು ಬಿಟ್ಟು ಓಡುವುದು ಹಿಂದಿನವರ ಪಾಡಾಯಿತು. ಕೃಷ್ಣೆಯ ದಂಡೆಯ ಕುರುವಿನಾಳದವರು ಈಗ ಓಡುವುದಿಲ್ಲ. ನೀರು ಬಂದರೆ ಅವರ ಮನೆಗಳೇ ಎದ್ದು ನಿಲ್ಲುತ್ತವೆ.

ಒಂದೊಂದು ಮನೆಗೂ ನಾಲ್ಕು ಕಬ್ಬಿಣದ ಕಾಲು. ಮಣ್ಣು ಅಗೆಯುವ ಯಂತ್ರದ ತೋಳನ್ನು ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕೊಳವೆಯೊಳಗೊಂದು ಕೊಳವೆ, ಕೆಳಗಿನಿಂದ ಎಣ್ಣೆಯನ್ನು ಒತ್ತಿ ತುಂಬಿದರೆ ಒಳಗಿನದು ಮೇಲೇಳುತ್ತದೆ. ನೆಲದಡಿಯ ಪಂಪಿನಿಂದ ನಾಲ್ಕು ಕಾಲಿಗೂ ನಾಲ್ಕು ಕಪ್ಪು ಪೈಪುಗಳು ಹೋಗಿರುತ್ತವೆ. ದಿಬ್ಬದ ಮೇಲಿನ ನಿಯಂತ್ರಣ ಕೋಣೆಯಲ್ಲಿ ಗುಂಡಿ ಒತ್ತಿದರೆ ಆಯಿತು, ಉರಿಯುವ ಒಲೆ, ಕಟ್ಟೆಯ ಮೇಲೆ ಕುಳಿತ ಮುದುಕ, ಗೂಟಕ್ಕೆ ಕಟ್ಟಿದ ಆಡು, ಎಲ್ಲ ಸಮೇತ ಮನೆ ಮೇಲೇರುತ್ತದೆ. ಮೊದಮೊದಲು ಜನ ಮಂಚದ ಕಾಲು ಹಿಡಿದುಕೊಂಡು ದೇವರ ಹೆಸರು ಹೇಳುತ್ತಿದ್ದರು. ಈಗ ಗಂಡಸರು ಮನೆ ಏಳುತ್ತಿರುವಾಗಲೇ ಗಡ್ಡ ಹೆರೆದುಕೊಳ್ಳುತ್ತಾರೆ.

ಯಂತ್ರ ಎಂಥದೇ ಬರಲಿ, ನಮ್ಮ ಜನ ಅದಕ್ಕೊಂದು ಅರಿಸಿನ ಕುಂಕುಮದ ದಾರಿ ಹುಡುಕಿಯೇ ಬಿಡುತ್ತಾರೆ. ಇಲ್ಲಿಯೂ, ಇಂಥದೇ ಮನೆಗಳಿರುವ ಆಚೆ ದಂಡೆಯಲ್ಲಿಯೂ ಒಂದು ಪದ್ಧತಿ ಬೆಳೆಯಿತು. ಮಗಳನ್ನು ಕೊಟ್ಟವರು ತಮ್ಮ ಮನೆಯ ನಾಲ್ಕು ಪೈಪುಗಳಲ್ಲಿ ಒಂದನ್ನು ಬಿಚ್ಚಿ, ಅರಿಸಿನ ಹಚ್ಚಿ, ಅವಳ ಜೊತೆಗೆ ಕಳಿಸುತ್ತಾರೆ. ತಮ್ಮ ಮನೆಗೆ ಹೊಸದನ್ನು ತಂದು ಹಾಕಿಕೊಳ್ಳುತ್ತಾರೆ. ಅಳಿಯನ ಮನೆಯ ನಾಲ್ಕನೆಯ ಕಾಲಿಗೆ ಆ ಪೈಪನ್ನು ಜೋಡಿಸುತ್ತಾರೆ. ಆ ಕಾಲಿಗೆ ತವರಿನ ಕಾಲು ಎಂದೇ ಹೆಸರು. ನೀರು ಏರಿದ ದಿನ ನಮ್ಮ ಮಗಳನ್ನು ನಾವೂ ಎತ್ತಿ ಹಿಡಿದಿರುತ್ತೇವೆ ಎಂಬುದು ಅದರ ಭಾವ. ಪೈಪನ್ನು ತಿರುಗಿ ಕಳಿಸಿದರೆ ಮಗಳನ್ನೇ ತಿರುಗಿ ಕಳಿಸಿದ ಹಾಗೆ.

ನಿಯಂತ್ರಣ ಕೋಣೆಯ ಮುಖ್ಯಸ್ಥೆ ನೀಲಾಂಬಿಕಾ. ಇಂಜಿನಿಯರಿಂಗ್ ಓದಿದವಳು, ಐವತ್ತು ದಾಟಿದವಳು, ಊರಿಗೆಲ್ಲ ನೀಲಾ ಮೇಡಂ. ಆ ಆಗಸ್ಟಿನ ಮುಂಜಾನೆ ಮೇಲಿನ ಅಣೆಕಟ್ಟಿನಿಂದ ಸುದ್ದಿ ಬಂದಿತ್ತು: ಮರುದಿನ ಮಧ್ಯಾಹ್ನದ ಹೊತ್ತಿಗೆ ಊರೊಳಗೆ ಆಳೆತ್ತರದ ನೀರು. ಮನೆಗಳಿಗೆ ಕಾಲು ಬಂದ ಮೇಲೆ ಇಷ್ಟು ವರ್ಷ ಮೊಣಕಾಲುದ್ದದ ಹೊಳೆಯನ್ನೇ ಕಂಡ ಊರು ಅದು. ಅದಕ್ಕೇ ಅವಳು ಎಲ್ಲ ಮನೆಗಳನ್ನೂ ಒಮ್ಮೆ ಪೂರ್ತಿ ಎತ್ತರಕ್ಕೆ ಎಬ್ಬಿಸಿ ನೋಡಲು ಹೊರಟಳು.

ಪರದೆಯ ಮೇಲೆ ಹಸಿರು ಚುಕ್ಕಿಗಳು ಏರತೊಡಗಿದವು. ಸೊಂಟದೆತ್ತರ ದಾಟುವ ಹೊತ್ತಿಗೆ ಒಂದು ಚುಕ್ಕಿ ಕೆಂಪಾಯಿತು. ಆಮೇಲೆ ಇನ್ನೊಂದು. ನೋಡುತ್ತಿದ್ದ ಹಾಗೆ ಓಣಿಗೆ ನಾಲ್ಕೈದು ಮನೆ ಅರ್ಧಕ್ಕೇ ನಿಂತವು. ಮೂರು ಕಾಲು ಏರಿ ಒಂದು ಹಿಂದುಳಿದರೆ ಮನೆ ವಾಲಬಾರದೆಂದು ಪಂಪು ತಾನಾಗಿ ನಿಲ್ಲುತ್ತದೆ.

ಪಕ್ಕದ ಕುರ್ಚಿಯಲ್ಲಿದ್ದ ತೋಟಪ್ಪ, ಅವಳಿಗಿಂತ ಹಿರಿಯ ಆಪರೇಟರು, ಕನ್ನಡಕ ಏರಿಸಿಕೊಂಡ. "ಮೇಡಂ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನೀನೂ ಕುಂತsಬಿಟ್ಟೈತಿ."

"ಯಾವ ಕಾಲು?"

"ನಾಕನೇದು. ಎಲ್ಲಾ ಮನೀದೂ ನಾಕನೇದs ನೋಡ್ರಿ. ಮಾತಾಡಿಕೊಂಡು ಮುಷ್ಕರ ಹೂಡಿದಂಗ."

ನೀಲಾ ನಗಲಿಲ್ಲ. ಅವಳ ಮನೆಯಲ್ಲಿ ಸೊಸೆ ಕಸ್ತೂರಿ ಇದ್ದಳು. ಆಪರೇಷನ್ ಆಗಿ ಹೆತ್ತು ಇನ್ನೂ ವಾರ ತುಂಬಿಲ್ಲ, ಹೊಲಿಗೆ ಹಸಿಯಾಗಿದೆ. ಮಗ ಹಡಗಿನ ಕೆಲಸದ ಮೇಲೆ ಸಮುದ್ರದಲ್ಲಿದ್ದ. ಬಾಣಂತಿಯನ್ನು ನೋಡಿಕೊಳ್ಳಲು ಆಚೆ ದಂಡೆಯ ಮಳಲಿಗಟ್ಟಿಯಿಂದ ಅವಳ ತಾಯಿ ದಾಕ್ಷಾಯಣವ್ವ ಬಂದಿದ್ದಳು. ಹೊಳೆಯ ದಿನಗಳಲ್ಲಿ ಬಾಣಂತಿಯನ್ನು ದೋಣಿಯಲ್ಲಿ ದಾಟಿಸುವುದು ಬೇಡವೆಂದು ಇಬ್ಬರು ಬೀಗಿತಿಯರೂ ಕೂಡಿ ಮಾಡಿದ ಏರ್ಪಾಡು ಅದು.

ಅಷ್ಟರಲ್ಲಿ ಜಿಲ್ಲಾ ಕಚೇರಿಯಿಂದ ಫೋನು ಬಂತು. ಅಧಿಕಾರಿ ಒಳ್ಳೆಯ ಮನುಷ್ಯನೇ, ಗಡಿಬಿಡಿಯಲ್ಲಿದ್ದ. "ಏಳದ ಮನೆಗಳವರನ್ನು ಸಂಜೆಯೊಳಗೆ ಗುಡ್ಡದ ಶಾಲೆಗೆ ಸಾಗಿಸಿಬಿಡಿ ಮೇಡಂ."

"ಸಂಜೀತನಕಾ ಹೊತ್ತು ಕೊಡ್ರಿ ಸರ್. ಏನಾಗೇತಿ ಅನ್ನೂದನ್ನ ಮೊದಲ ನೋಡತೀನಿ."

"ಸಂಜೆಗೆ ನನಗೆ ಉತ್ತರ ಬೇಕು."

"ಉತ್ತರ ಸಿಗತೈತಿ," ಎಂದಳು ನೀಲಾ. ಮಳೆಯಲ್ಲಿ, ಸ್ಟ್ರೆಚರಿನ ಮೇಲೆ, ಜಾರುವ ಗುಡ್ಡದ ದಾರಿಯಲ್ಲಿ ಕಸ್ತೂರಿಯನ್ನು ಹತ್ತಿಸುವ ಚಿತ್ರ ಅವಳ ಕಣ್ಣ ಮುಂದೆ ಬಂದಿತ್ತು. ಅದನ್ನು ಅಲ್ಲಿಗೇ ಬಿಟ್ಟು, ಪೈಪು ಬಿಚ್ಚುವ ಪಾನಾ, ಅಳತೆಯ ಡಬ್ಬಿ ತೆಗೆದುಕೊಂಡು ಮನೆಗೆ ನಡೆದಳು.

ಮನೆ ಕೆಳಗಿಳಿದು ತನ್ನ ಜಾಗದಲ್ಲಿ ಕುಳಿತಿತ್ತು. ನಾಲ್ಕನೆಯ ಕಾಲಿನ ಬುಡದಲ್ಲಿ ಯಾರೋ ಒಂದು ಬೋಗುಣಿ ಇಟ್ಟಿದ್ದರು; ಅದರಲ್ಲಿ ಅಂಗೈಯಷ್ಟು ಎಣ್ಣೆ.

"ನಾನs ಇಟ್ಟೀನ್ರಿ," ಎಂದಳು ದಾಕ್ಷಾಯಣವ್ವ, ಕಾಯಿಸಿದ ನೀರಿನ ಹಂಡೆಯ ಪಕ್ಕದಿಂದ. "ಅಂಗಳದಾಗ ಎಣ್ಣಿ ಹರದಾಡಿದ್ರ ಕೂಸಿನ ಅರಿವಿ ಒಣಾ ಹಾಕಾಕ ಬಂದವರು ಜಾರಿ ಬೀಳತಾರ." ಆಮೇಲೆ ಪಾನಾ ಕಂಡು ದನಿ ಬದಲಿಸಿದಳು. "ಏನ್ರಿ ಬೀಗಿತಿ, ತವರಿನ ಪೈಪು ಬಿಚ್ಚತೀರೇನು?"

"ಬಿಚ್ಚಿ ನೋಡತೀನ್ರಿ. ಮತ್ತ ಹಾಕತೀನಿ."

"ನಮ್ಮ ಮನ್ಯಾಗ ಇದ್ದಾಗ ಒಂದು ಹನಿ ಸೋರಿದ್ದಿಲ್ಲ ಅದು. ಇಲ್ಲಿಗೆ ಬಂದ ಮ್ಯಾಲ ಸೋರಾಕ ಹತ್ತೇತಿ ಅಂದ್ರ, ಮನೀ ಗುಣಾ ಇರಬೇಕು."

"ಇರಬೇಕ್ರಿ. ಅದನ್ನs ಅಳದು ನೋಡೂನು."

ಒಳಗಿನಿಂದ ಕಸ್ತೂರಿ ಕೂಗಿದಳು. "ಯವ್ವಾ, ಗಪ್ ಕುಂದರ ಬೇ. ಅತ್ತಿ, ಅವ್ವನ ಮಾತು ಮನಸಿಗೆ ಹಚ್ಚಿಕೋಬ್ಯಾಡ್ರಿ."

ನೀಲಾ ಪೈಪನ್ನು ಬಿಚ್ಚಿದಳು. ತುದಿಗೆ ಸುತ್ತಿದ್ದ ಬಿಳಿ ಟೇಪು ಪದರ ಪದರವಾಗಿ ಬಂತು. ಸಾಮಾನ್ಯವಾಗಿ ಸುತ್ತುವುದರ ಮೂರರಷ್ಟು. ಯಾರೋ ಬಹಳ ಕಾಳಜಿಯಿಂದ ಸುತ್ತಿದ್ದರು. ಟೇಪು ತೆಗೆದು, ಬಟ್ಟೆಯಿಂದ ಒರೆಸಿ, ತುದಿಯ ಥ್ರೆಡ್ಡನ್ನು ಬೆಳಕಿಗೆ ಹಿಡಿದಳು.

ಥ್ರೆಡ್ ಎಂದರೆ ಲೋಹದ ಮೇಲೆ ಸುರುಳಿಯಾಗಿ ಕೊರೆದ ಹಲ್ಲುಗಳ ಸಾಲು. ಅದನ್ನು ಗುರುತಿಸಲು ಮೂರು ಸಂಗತಿ ನೋಡಬೇಕು: ದಪ್ಪ ಎಷ್ಟು, ಒಂದು ಇಂಚಿಗೆ ಹಲ್ಲು ಎಷ್ಟು, ಹಲ್ಲಿನ ಮೊನಚು ಎಷ್ಟು. ನೀಲಾ ವರ್ನಿಯರ್ ಅಳತೆಪಟ್ಟಿಯಲ್ಲಿ ದಪ್ಪ ಹಿಡಿದಳು. ತನ್ನ ಮನೆಯ ಮೂರನೆಯ ಪೈಪಿಗೂ ಇದಕ್ಕೂ ವ್ಯತ್ಯಾಸ ಅರ್ಧ ಮಿಲಿಮೀಟರೂ ಇಲ್ಲ. ಇಂಚಿಗೆ ಹಲ್ಲು ಎರಡಕ್ಕೂ ಹದಿನಾಲ್ಕು. ಪೈಪು ಜೋಡಿಸುವಾಗ ಪರೀಕ್ಷೆ ಮಾಡುವ ಕ್ಯಾಮೆರಾ ನೋಡುತ್ತಿದ್ದುದು ಇವೆರಡನ್ನೇ; ನೋಡಿ ಪ್ರತಿ ಸಲವೂ ಸರಿ ಎನ್ನುತ್ತಿತ್ತು.

ಅವಳು ಡಬ್ಬಿಯಿಂದ ಪಿಚ್ ಗೇಜು ತೆಗೆದಳು. ಸಣ್ಣ ಬಾಚಣಿಕೆಗಳಂಥ ಉಕ್ಕಿನ ಎಲೆಗಳ ಗೊಂಚಲು ಅದು. ತನ್ನ ಮನೆಯ ಪೈಪಿನ ಮೇಲೆ ಐವತ್ತೈದು ಡಿಗ್ರಿಯ ಎಲೆಯನ್ನಿಟ್ಟರೆ ಹಲ್ಲಿನೊಳಗೆ ಹಲ್ಲು ಕೂತು ಬೆಳಕೇ ನುಸುಳಲಿಲ್ಲ. ಅದೇ ಎಲೆಯನ್ನು ತವರಿನ ಪೈಪಿನ ಮೇಲಿಟ್ಟಳು. ಪ್ರತಿ ಹಲ್ಲಿನ ಮಗ್ಗುಲಲ್ಲೂ ಕೂದಲೆಳೆಯಷ್ಟು ಬೆಳಕು. ಅರವತ್ತು ಡಿಗ್ರಿಯ ಎಲೆ ಇಟ್ಟಳು. ಬೆಳಕು ಮುಚ್ಚಿತು.

"ಬರ್ರಿ ಬೀಗಿತಿ, ನೀವs ನೋಡ್ರಿ."

ದಾಕ್ಷಾಯಣವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು ಒಂದು ಕಣ್ಣು ಮುಚ್ಚಿ ನೋಡಿದಳು. ಎರಡು ಸಲ ನೋಡಿದಳು. "ನಮ್ಮದರ ಹಲ್ಲು ಬ್ಯಾರೆ ಐತಿ."

"ಹೌದ್ರಿ. ಈಚೆ ದಂಡಿಗೆ ಬಂದಿದ್ದು ಇಂಗ್ಲಿಷರ ಅಳತಿ ಕಾಲು. ನಿಮ್ಮ ದಂಡಿಗೆ ಅಮೆರಿಕದವರದು. ಎರಡೂ ಚಲೋ ಅದಾವ. ಎರಡರಾಗೂ ಊನ ಇಲ್ಲ. ಆದ್ರ ಒಂದರಾಗ ಇನ್ನೊಂದು ಎರಡು ಮೂರು ಸುತ್ತು ಹೋಗತೈತಿ, ಆಮ್ಯಾಲ ಬಿಗೀತೈತಿ. ಕೂತಂಗ ಕಾಣತೈತಿ, ಕೂತಿರೂದಿಲ್ಲ."

"ಮತ್ತ ಇಷ್ಟು ದಿನಾ ಹೆಂಗ ತಡೀತು?"

"ಟೇಪು ತಡೀತು. ಸಣ್ಣ ಹೊಳಿಗೆ ಪಂಪು ಸ್ವಲ್ಪೇ ಹೊತ್ತು ಓಡತಿತ್ತು. ಪೂರ್ತಿ ಎತ್ತರಕ್ಕ ಹೋಗೂದರಾಗ ಎಣ್ಣಿ ಕಾಯತೈತಿ, ನೀರಿನಂಗ ತೆಳ್ಳಗಾಗತೈತಿ. ಆ ಬೆಳಕು ಬಂತಲ್ರಿ, ಅದs ಸಂದಿನ್ಯಾಗಿಂದ ಹೊರಗ ಬರತೈತಿ."

ಕೆಂಪು ಚುಕ್ಕಿಗಳೆಲ್ಲ ಆಚೆ ದಂಡೆಯಿಂದ ಸೊಸೆ ತಂದ ಮನೆಗಳು. ಆಚೆ ದಂಡೆಯಲ್ಲಿ ಇಲ್ಲಿಂದ ಹೋದ ಹೆಣ್ಣುಮಕ್ಕಳ ಮನೆಗಳಿಗೂ ಇದೇ ಕಾಯಿಲೆ ಇರಲೇಬೇಕು. ಅಲ್ಲಿಯೂ ಬೆಳಿಗ್ಗೆ ಕೆಲವು ಮನೆಗಳು ಅರ್ಧಕ್ಕೆ ನಿಂತ ಸುದ್ದಿ ಬಂದಿತ್ತು.

ಕಸ್ತೂರಿ ಕೂಸನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು. ಆ ಪೈಪನ್ನು ಬಿಚ್ಚಿಕೊಟ್ಟವನು ಅವಳ ಅಪ್ಪ. ಮದುವೆಯಾದ ವರ್ಷವೇ ತೀರಿಹೋಗಿದ್ದ. "ಅದನ್ನ ತಗದುಬಿಡ್ರಿ ಅತ್ತಿ," ಎಂದಳು. "ಈಚೆ ಪೈಪು ಒಂದು ಇಸಗೊಂಡು ಹಾಕ್ರಿ. ಅಪ್ಪ ಇದ್ದಿದ್ರ ಅವನೂ ಹಂಗs ಅಂತಿದ್ದ. ಕೂಸು ದೊಡ್ಡದು."

ದಾಕ್ಷಾಯಣವ್ವ ಬೋಗುಣಿಯನ್ನು ಸರಿಪಡಿಸಿ ಇಟ್ಟಳು.

"ತಗಿಯೂದು ಬ್ಯಾಡ," ಎಂದಳು ನೀಲಾ. "ನೀ ಒಬ್ಬಾಕಿ ಒಪ್ಪೀದಿ, ಊರು ಒಪ್ಪೂದಿಲ್ಲ. ನಾ ತಗಸಿದ್ರ ನನ್ನ ಬೆನ್ನ ಹಿಂದ ಮತ್ತ ಹಾಕತಾರ, ಇನ್ನಷ್ಟು ಟೇಪು ಸುತ್ತಿ. ಎರಡರ ನಡಕ ಒಂದು ತುಂಡು ಬೇಕು. ಒಂದು ಕಡೆ ನಮ್ಮ ಹಲ್ಲು, ಇನ್ನೊಂದು ಕಡೆ ನಿಮ್ಮ ಹಲ್ಲು. ಅಷ್ಟs. ನೀ ಒಳಗ ನಡಿ, ಗಾಳಿ ಹತ್ತತೈತಿ."

ಲೋಹ ಕಡೆಯುವ ದಾವಲಸಾಬನ ಲೇತ್ ಅಂಗಡಿ ಊರ ಅಗಸೆಬಾಗಿಲ ಬಳಿ. ಊರಿನ ಮದುವೆಗಳಲ್ಲೆಲ್ಲ ಪೈಪು ಜೋಡಿಸುವವನು ಅವನೇ. ನೀಲಾ ಟೇಪಿನ ಸುರುಳಿಯನ್ನು ಮೇಜಿನ ಮೇಲಿಟ್ಟಳು.

"ಇದು ನಿಮ್ಮ ಕೈ ಕೆಲಸ ಹೌದಲ್ರಿ?"

ದಾವಲಸಾಬ ಗಡ್ಡ ಕೆರೆದುಕೊಂಡ. "ಬಿಗಿ ಆಗತಿತ್ತು ಅನ್ನೂದು ನನಗ ಗೊತ್ತಿತ್ತ್ರಿ ಅಕ್ಕಾರ. ಆದ್ರ ಹಂದರದಾಗ, ಬೀಗರ ಮುಂದ, ನಿಮ್ಮ ಮಗಳ ಪೈಪು ಈ ಮನಿಗೆ ಕೂಡವಲ್ದು ಅಂತ ಹೆಂಗ ಹೇಳಲಿ? ಆ ಹುಡುಗೀ ಮಾರಿ ನೋಡಿ ಇನ್ನೆರಡು ಸುತ್ತು ಟೇಪು ಹಾಕತಿದ್ದೆ."

"ಇಷ್ಟೂ ಮನೀಗೆ?"

"ಎಲ್ಲಾ ಹುಡುಗ್ಯಾರ ಮಾರೀನೂ ಹಂಗs ಇರತಾವಲ್ರಿ."

ನೀಲಾ ಕಾಗದದ ಮೇಲೆ ಚಿತ್ರ ಬರೆದುಕೊಟ್ಟಳು. ಬೆರಳುದ್ದದ ಉಕ್ಕಿನ ತುಂಡು. ಒಂದು ತುದಿಯ ಹೊರಮೈಗೆ ಐವತ್ತೈದರ ಥ್ರೆಡ್, ಇನ್ನೊಂದು ತುದಿಯ ಒಳಗೆ ಅರವತ್ತರದು. ಪೈಪಿಗೆ ಎರಡು ತುದಿ, ಒಂದು ಪಂಪಿಗೆ, ಒಂದು ಕಾಲಿಗೆ. ಹಾಗಾಗಿ ಮನೆಗೆ ಎರಡು ತುಂಡು.

ಮೊದಲ ತುಂಡು ಫಳಫಳ ಹೊಳೆಯುತ್ತ ಕೈಗೆ ಬಂತು. ನೀಲಾ ಅದನ್ನು ಬೆಳಕಿಗೆ ಹಿಡಿದು ಗೇಜು ಇಟ್ಟು ನೋಡಿ ತಲೆಯಾಡಿಸಿದಳು. "ಎರಡೂ ಕಡೆ ಐವತ್ತೈದು ಆಗೇತ್ರಿ."

ದಾವಲಸಾಬ ತುಂಡನ್ನು ತಿರುಗಿಸಿ ನೋಡಿದ. ಥ್ರೆಡ್ ಕೊರೆಯುವ ಉಳಿಯ ಮೊನೆ ಹೇಗಿದೆಯೋ ಹಲ್ಲು ಹಾಗೆ ಬರುತ್ತದೆ. ಜೀವಮಾನವೆಲ್ಲ ಈಚೆ ದಂಡೆಯ ಕೆಲಸ ಮಾಡಿದವನ ಕೈ ತಾನಾಗಿ ಹಳೆಯ ಉಳಿಯನ್ನೇ ಏರಿಸಿತ್ತು. "ನೋಡ್ರಿ ನನ್ನ ಕೈ. ಮದಿವಿ ಆದ ಮ್ಯಾಲೂ ಹಳೇ ಓಣಿಗೇ ಹೋದಂಗ," ಎಂದು ತನ್ನಷ್ಟಕ್ಕೆ ತಾನೇ ನಕ್ಕು, ಹೊಸ ಉಳಿಯನ್ನು ಸಾಣೆಗೆ ಹಿಡಿದ. ನೀಲಾ ಪಕ್ಕದಲ್ಲೇ ನಿಂತು, ನಡುನಡುವೆ ಅವನನ್ನು ತಡೆದು, ಮೊನೆಯನ್ನು ಅಳೆದು ಅಳೆದು ಹೇಳಿದಳು. ಎರಡನೆಯ ತುಂಡು ಸರಿಯಾಗಿತ್ತು. ಅದನ್ನೂ ಅದರ ಜೋಡಿಯನ್ನೂ ಅಂಗಡಿಯ ಪಂಪಿಗೆ ಹಾಕಿ ಎಣ್ಣೆ ಕಾಯುವವರೆಗೆ ಓಡಿಸಿದರು. ತೋಟಪ್ಪ ಬಂದು ಬಿಳಿ ಕಾಗದವನ್ನು ಅದರ ಕೆಳಗೆ ಹಿಡಿದು ಕುಕ್ಕರುಗಾಲಲ್ಲಿ ಕುಳಿತ. ಕಾಗದ ಬಿಳಿಯಾಗಿಯೇ ಉಳಿಯಿತು.

ಜಿಲ್ಲಾ ಕಚೇರಿಗೆ ನೀಲಾ ಫೋನು ಮಾಡಿದಳು. "ಕಾರಣ ಸಿಕ್ಕಿತು ಸರ್. ನಾಳೆ ಮಧ್ಯಾಹ್ನಕ್ಕ ಎಲ್ಲಾ ಮನೀ ಏಳತಾವ. ಯಾರನ್ನೂ ಗುಡ್ಡಕ್ಕ ಸಾಗಸೂದಿಲ್ಲ." ಅವಳ ದನಿ ಕೇಳಿ ಅಧಿಕಾರಿ ಮರುಪ್ರಶ್ನೆ ಹಾಕಲಿಲ್ಲ.

ಉಳಿದದ್ದು, ಯಾವ ಪೈಪು ಯಾವ ಜಾತಿಯದು ಎಂದು ಮನೆ ಮನೆಗೆ ಹೋಗಿ ನೋಡುವುದು. ಇದ್ದ ಗೇಜು ಒಂದೇ, ಅದನ್ನು ಓದಬಲ್ಲವರೂ ಕಡಿಮೆ. ಅದಕ್ಕೆ ನೀಲಾ ಒಂದು ಉಪಾಯ ಮಾಡಿದಳು. ಎರಡು ಜಾತಿಯ ನಟ್ಟುಗಳನ್ನು ಕೊರೆಸಿ, ಈಚೆ ದಂಡೆಯದಕ್ಕೆ ಹಳದಿ ದಾರ, ಆಚೆ ದಂಡೆಯದಕ್ಕೆ ಹಸಿರು ದಾರ ಕಟ್ಟಿದಳು. ಪೈಪು ಬಿಚ್ಚಿ, ಟೇಪು ತೆಗೆದು, ಬರಿಗೈಯಲ್ಲಿ ನಟ್ಟು ತಿರುಗಿಸಬೇಕು. ಸಲೀಸಾಗಿ ನಾಲ್ಕು ಸುತ್ತು ಹೋಗಿ ಅಲುಗಾಡದೆ ಕೂತರೆ ಅದೇ ಜಾತಿ; ಎರಡಕ್ಕೇ ಬಿಗಿದರೆ ಅಲ್ಲ. ಸೊಸೆಯಂದಿರಿಗೆ ತಮ್ಮ ತಮ್ಮ ಪೈಪು ಯಾವುದೆಂದು ಗೊತ್ತೇ ಇತ್ತು. ಅವರೇ ಮುಂದೆ ಬಂದರು.

"ಆಚೆ ದಂಡಿಗೂ ಇವು ಹೋಗಬೇಕು," ಎಂದಳು ನೀಲಾ, ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ. "ಫೋನಿನ್ಯಾಗ ಹೇಳಿದ್ರ ತಿಳಿಯೂದಿಲ್ಲ. ದೋಣಿ ಇನ್ನೊಂದs ಸಲ ದಾಟತೈತಂತ. ನಾ ಹೋಗಿಬರಾಕ ಆಗೂದಿಲ್ಲ."

"ನೀವು ಹೋದ್ರೂ ಅವರು ಕೇಳೂದಿಲ್ರಿ," ಎಂದಳು ದಾಕ್ಷಾಯಣವ್ವ. "ಈಚೆ ದಂಡಿ ಬೀಗಿತಿ ಬಂದು ನಮ್ಮ ಪೈಪಿಗೆ ಹೆಸರಿಡಾಕತ್ಯಾಳ ಅಂತಾರ. ನಾ ಹೋಗತೀನಿ." ಎದ್ದು ನಿಂತು, ಒಂದು ಗಳಿಗೆ ಮಗಳಿದ್ದ ಕೋಣೆಯ ಕಡೆ ನೋಡಿದಳು. ನೀರು ಏರಿದ ಮೇಲೆ ಎಷ್ಟು ದಿನ ಈಚೆ ಬರಲಾಗುವುದಿಲ್ಲವೋ ಯಾರು ಹೇಳಬಲ್ಲರು. "ಅಜವಾನ ಪುಡಿ ಡಬ್ಬ್ಯಾಗ ಐತಿ. ಎರಡು ಹೊತ್ತೂ ಬಿಸಿನೀರs ಕೊಡ್ರಿ. ಆಕಿ ಬ್ಯಾಡ ಅಂತಾಳ, ಕೇಳಬ್ಯಾಡ್ರಿ."

"ಕೇಳೂದಿಲ್ರಿ."

"ಮತ್ತ ಆ ಪೈಪು."

"ನಿಮ್ಮ ಪೈಪು ಆಕೀನ ಎತ್ತತೈತಿ," ಎಂದಳು ನೀಲಾ. "ನಾ ಅಳದು ಹೇಳಾಕತ್ತೀನಿ."

ದಾಕ್ಷಾಯಣವ್ವ ನಟ್ಟುಗಳನ್ನು ಎಲೆಅಡಿಕೆಯ ಚೀಲಕ್ಕೆ ಸುರಿದುಕೊಂಡು, ಚಿತ್ರದ ಕಾಗದವನ್ನು ರವಿಕೆಯೊಳಗೆ ಇಟ್ಟುಕೊಂಡು ಹೊರಟಳು. ಆಚೆ ದಂಡೆಯ ಲೇತ್ ನಡೆಸುವವನು ಅವಳ ಮೈದುನನ ಮಗ.

ಮರುದಿನ ಮುಂಜಾನೆಯ ಹೊತ್ತಿಗೆ ದಾವಲಸಾಬನ ಕಣ್ಣು ಕೆಂಪಗೆ, ಕೈ ಕಪ್ಪಗೆ ಆಗಿತ್ತು. ಆದರೆ ನೀಲಾ ಪ್ರತಿಯೊಂದು ತುಂಡನ್ನೂ ಬೆಳಕಿಗೆ ಹಿಡಿದೇ ಕಳಿಸಿದ್ದಳು. ಅವಳ ಮನೆಗೆ ತುಂಡು ಬಂದದ್ದು ಸರದಿ ಪ್ರಕಾರ, ಏಳನೆಯ ಓಣಿಯ ಜೊತೆಗೆ. ತೋಟಪ್ಪನೇ ಬಂದು ಜೋಡಿಸಿದ. ಹೋಗುವಾಗ ಕಾಲಿನ ಬುಡದ ಬೋಗುಣಿಯನ್ನು ತೊಳೆದು, ಒರೆಸಿ, ಒಣಗಿದ್ದನ್ನು ಅಲ್ಲೇ ಇಟ್ಟು ಹೋಗಿದ್ದ.

ಮಧ್ಯಾಹ್ನ ಹೊಳೆ ಬಂತು. ಸದ್ದಿಲ್ಲದೆ, ಕೆಂಪಗೆ, ಮೊದಲು ಗದ್ದೆಗಳಲ್ಲಿ, ಆಮೇಲೆ ಓಣಿಗಳಲ್ಲಿ. ನೀಲಾ ಒಂದೊಂದೇ ಓಣಿಯನ್ನು ಎಬ್ಬಿಸುತ್ತ ಬಂದಳು. ಒಂದನೆಯದು ಎದ್ದಿತು. ಎರಡನೆಯದು ಎದ್ದಿತು. ಏಳನೆಯ ಓಣಿಯ ಗುಂಡಿಯ ಮೇಲೆ ಬೆರಳಿಟ್ಟಾಗ ತೋಟಪ್ಪ ತನ್ನ ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡ.

ಚುಕ್ಕಿಗಳು ಏರಿದವು. ನಿನ್ನೆ ನಿಂತಿದ್ದ ಎತ್ತರಕ್ಕೆ ಅವಳ ಮನೆ ಬಂತು. ನಾಲ್ಕನೆಯ ಕಾಲಿನ ಒತ್ತಡದ ಅಂಕಿ ಉಳಿದ ಮೂರರ ಜೊತೆಗೇ ಇತ್ತು. ಎಣ್ಣೆ ಕಾದಿತು, ಅಂಕಿ ಅಲುಗಲಿಲ್ಲ. ಮನೆ ಆ ಎತ್ತರ ದಾಟಿತು, ಪೂರ್ತಿ ಎತ್ತರಕ್ಕೆ ಹೋಗಿ ನಿಂತಿತು.

ಫೋನು ಬಡಿಯಿತು. ಕಸ್ತೂರಿ. "ಅತ್ತಿ, ಎದ್ದೇವ್ರಿ. ಕೂಸು ಎಚ್ಚರಾಗಲಿಲ್ಲ. ಕಿಡಕ್ಯಾಗಿಂದ ಬಗ್ಗಿ ನೋಡಿದೆ, ಬೋಗುಣಿ ಖಾಲಿ ತೇಲಿಕೊಂಡು ಹೊಂಟಿತು."

"ಬಗ್ಗಬ್ಯಾಡ. ಹೊಲಿಗಿ ಹಸೀ ಅದಾವ."

"ಒಂದs ಸಲ ಬಗ್ಗಿದ್ನಿರಿ." ಮತ್ತೆ ಅವಳೇ, "ಅತ್ತಿ, ಇಲ್ಲಿಂದ ಮಳಲಿಗಟ್ಟಿ ಕಾಣತೈತಿ. ಎಲ್ಲಾ ಮನೀ ಎದ್ದಾವ. ನಮ್ಮವ್ವನ ಮನೀ ಒಂದು ಎದ್ದಿಲ್ಲ. ನೀರು ಬಾಗಲತನಕ ಬಂದೈತಿ."

ನೀಲಾ ಕಿಟಕಿಗೆ ಹೋಗಿ ದುರ್ಬೀನು ಹಿಡಿದಳು. ಹೌದು. ಎದ್ದು ನಿಂತ ಮನೆಗಳ ಸಾಲಿನಲ್ಲಿ ಒಂದು ಹೆಂಚಿನ ಮನೆ ಮಾತ್ರ ಬಿದ್ದ ಹಲ್ಲಿನ ಜಾಗದಂತೆ ಕೆಳಗಿತ್ತು. ದಾಕ್ಷಾಯಣವ್ವನ ಫೋನಿಗೆ ಮಾಡಿದಳು. ಬಹಳ ಹೊತ್ತು ಬಡಿದ ಮೇಲೆ ಎತ್ತಿದಳು. ಹಿಂದೆ ಚಹಾದ ಕಪ್ಪು-ಬಸಿಯ ಸದ್ದು.

"ಎಲ್ಲಿದ್ದೀರಿ ಬೀಗಿತಿ? ನಿಮ್ಮ ಮನೀ ಯಾಕ ಎದ್ದಿಲ್ಲ?"

"ಮೊದಲ ಹೇಳ್ರಿ, ನನ್ನ ಮಗಳು?"

"ಎದ್ದಾಳ. ಪೂರ್ತಿ. ಕೂಸು ಮಲಗೇತಿ."

ಆ ಕಡೆಯಿಂದ ಒಂದು ಉದ್ದನೆಯ ಉಸಿರು ಕೇಳಿತು. "ನಾ ನಿಮ್ಮ ದಂಡಿ ಮಗಳು ನಿಂಗವ್ವನ ಮನ್ಯಾಗ ಕುಂತೀನ್ರಿ, ಚಹಾ ಕುಡಕೊಂತ. ಇಕೀ ಮನೀದು ಕಡೀ ತುಂಡು ಸೀಳಿ ಬಿಟ್ಟಿತು. ಉಕ್ಕು ಮುಗದಿತ್ತು. ಇಕೀ ಅತ್ತಿ ಹಾಸಗೀ ಹಿಡದಾಳ, ಎತ್ತಿಕೊಂಡು ಹೋಗೂವಂಗಿಲ್ಲ. ನಮ್ಮ ಮನೀ ಪೈಪು ಇಕೀ ಮನಿಗೆ ನೆಟ್ಟಗ ಕೂಡತೈತಿ, ಒಂದs ಹಲ್ಲು. ಬಿಚ್ಚಿ ಹಸಿರು ದಾರದ್ದು ಹಾಕೇ ನೋಡಿದೆ. ನಾಕು ಸುತ್ತು ಹೋತು."

"ನಿಮ್ಮ ಮನೀ?"

"ಕಾಳು ಕಡಿ ಅಟ್ಟಕ್ಕ ಏರಿಸೀನಿ. ಗ್ವಾಡಿ ಏನು, ಹೊಳಿ ಇಳದ ಮ್ಯಾಲ ಸಾರಿಸಿದ್ರಾತು. ಆಕೀಗೆ ಹೇಳ್ರಿ, ಅವ್ವ ಒಣಾ ಸೀರಿ ಉಟಗೊಂಡು ಕುಂತಾಳಂತ. ಬಿಸಿನೀರು ಕೊಟ್ರೇನು?"

"ಕೊಟ್ಟೀನ್ರಿ."

ಫೋನು ಇಟ್ಟು ನೀಲಾ ಇನ್ನೊಮ್ಮೆ ದುರ್ಬೀನಿನಲ್ಲಿ ನೋಡಿದಳು. ಎದ್ದ ಮನೆಯೊಂದರ ಬಾಗಿಲಲ್ಲಿ ಹೆಂಗಸೊಬ್ಬಳು ನಿಂತು, ಇವರ ದಂಡೆಯ ಕಡೆ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡುತ್ತಿದ್ದಳು. ಕಸ್ತೂರಿಗೆ ಫೋನು ಮಾಡಿ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಕಸ್ತೂರಿ ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ಕೂಸನ್ನು ಕಿಟಕಿಗೆ ಎತ್ತಿ ಹಿಡಿಯಲು ಅಪ್ಪಣೆ ಕೇಳಿದಳು. ನೀಲಾ ಕೊಟ್ಟಳು, ಬಗ್ಗಬಾರದೆಂಬ ಮಾತಿನ ಮೇಲೆ.

ನಿಯಂತ್ರಣ ಕೋಣೆಯ ಮೂಲೆಯ ಬೆಂಚಿನ ಮೇಲೆ ದಾವಲಸಾಬ ತಲೆಗೆ ಕೈ ಇಟ್ಟುಕೊಂಡು ತೂಕಡಿಸುತ್ತಿದ್ದ. ಅವನ ಲೇತ್ ಅಂಗಡಿಯೂ ಪಕ್ಕದ ಕಿಟಕಿಯಿಂದ ಕಾಣುವಂತೆ ನಾಲ್ಕು ಕಾಲಿನ ಮೇಲೆ ನಿಂತಿತ್ತು.

"ದಾವಲಸಾಬರ," ಎಂದಳು ನೀಲಾ, "ಹೊಳಿ ಇಳಿಯೂದರಾಗ ಇನ್ನೊಂದು ಜೋಡಿ ತುಂಡು ಬೇಕು. ಆಚೆ ದಂಡಿಗೆ. ನಮ್ಮ ಮನೀ ಪೈಪು ಒಂದು ಬೀಗಿತಿ ಮನಿಗೆ ಕೊಡೂದೈತಿ."

ಅವನು ಕಣ್ಣು ಬಿಟ್ಟ. "ಮಗಳನ್ನ ಕೊಟ್ಟವರಿಗೆ ಪೈಪು ಕೊಡತಾರೇನ್ರಿ? ಪದ್ಧತಿ ಇಲ್ಲಲ್ರಿ ಅಕ್ಕಾರ."

"ಪದ್ಧತಿ ನಾವs ಮಾಡಿದ್ದು."

ದಾವಲಸಾಬ ಕಿವಿಯ ಹಿಂದಿನ ಪೆನ್ಸಿಲು ತೆಗೆದು, ಬೆಂಚಿನ ಮೇಲೆಯೇ ಬೆರಳುದ್ದದ ತುಂಡಿನ ಚಿತ್ರ ಬರೆದ.

"ಹಂಗಾದ್ರ ಈ ಸಲ ಹೊರಗ ಅರವತ್ತು," ಎಂದ, "ಒಳಗ ಐವತ್ತೈದು."